ಅತಿಥಿಗೆ ಕೊಡದ ನೀರು

ಕಮಲಾಪುರದ ಶಂಕ್ರಮ್ಮನ ಕಾಲು ಅವತ್ತು ಬೆಳಿಗ್ಗೆಯಿಂದ ನೆಲದ ಮೇಲೆ ನಿಂತಿರಲಿಲ್ಲ. ರಾಷ್ಟ್ರೀಯ ಪರಿಸರ ಸಂರಕ್ಷಣಾ ಸಂಸ್ಥೆಯ ಹೊಸ ಮುಖ್ಯಸ್ಥೆ ಅವಳ ಮನೆಗೆ ಬರುವವಳಿದ್ದಳು. ಅಷ್ಟು ದೊಡ್ಡ ಅಧಿಕಾರಿ ಇಷ್ಟು ಸಣ್ಣ ಮನೆಗೆ ಯಾಕೆ ಎಂದು ಕೇಳಿದವರಿಗೆಲ್ಲ ಶಂಕ್ರಮ್ಮ ಒಂದೇ ಕಥೆಯನ್ನು ಬೇಸರವಿಲ್ಲದೆ ಹೇಳುತ್ತಿದ್ದಳು.

ಕೆಂಪು ಬಾಳೆಹಣ್ಣಿನ ಬುಟ್ಟಿಯೊಂದಿಗೆ ಬಸ್ಸು ಹತ್ತಿ ಕಲಬುರಗಿಗೆ ಹೋಗಿ, ಜಗತ್ ಸರ್ಕಲ್ಲಿನಲ್ಲಿ ಮಾರಿ, ಕೊನೆಗೆ ಅಲ್ಲಿನ ಗಾಜಿಪುರ ಓಣಿಯ ಗೆಳತಿ ಮೆಹಬೂಬಿಯ ಮನೆಗೆ ಒಂದಿಷ್ಟು ಕೊಟ್ಟು ಬರುವುದು ಅವಳ ಹಳೆಯ ವಾಡಿಕೆ. ಆ ಮನೆಯ ಕಟ್ಟೆಯ ಮೇಲೆ ಹಣ್ಣು ತಿನ್ನುತ್ತ ಓದುತ್ತಿದ್ದ ಮೆಹಬೂಬಿಯ ಮಗಳು ಸಬಾ ಈಗ ದಿಲ್ಲಿಯಲ್ಲಿ ಆ ಸಂಸ್ಥೆಯ ಕುರ್ಚಿಯಲ್ಲಿ ಕೂತಿದ್ದಳು. ಸುದ್ದಿ ಕೇಳಿದ ದಿನ ಶಂಕ್ರಮ್ಮ ಮೆಹಬೂಬಿಯನ್ನು ತಬ್ಬಿಕೊಂಡು ಅತ್ತಳು. ಕಣ್ಣೊರೆಸಿಕೊಳ್ಳುವ ಮೊದಲೇ ತನ್ನ ಬಾವಿಯ ಸಂಕಟವನ್ನೂ ತೋಡಿಕೊಂಡಳು. ಊರಾಚೆಯ ಬಣ್ಣದ ಕಾರ್ಖಾನೆಯವರು ಹೊಲಸನ್ನು ಹಳ್ಳಕ್ಕೆ ಬಿಡುತ್ತಿದ್ದಾರೆ, ಹಳ್ಳದ ಪಕ್ಕದ ಬಾವಿ ಕೆಟ್ಟಿದೆ, ಮೊಮ್ಮಗಳ ಮೈಯೆಲ್ಲ ಕಜ್ಜಿಯಾಗಿದೆ, ಇಲ್ಲಿನ ಅಧಿಕಾರಿಗಳು ನೋಡೋಣ ಎನ್ನುತ್ತಲೇ ಇದ್ದಾರೆ. ಮೆಹಬೂಬಿ ಅಲ್ಲೇ ಮಗಳಿಗೆ ಫೋನು ಹಚ್ಚಿದಳು. ಈದ್ ಹಬ್ಬಕ್ಕೆ ಬಂದಾಗ ಖುದ್ದು ನೋಡುತ್ತೇನೆಂದು ಸಬಾ ಮಾತು ಕೊಟ್ಟಳು.

ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮ ಹೆಣ್ಣುಮಕ್ಕಳ ಕೈ ಸುಮ್ಮನಿರುತ್ತದೆಯೇ? ಶಂಕ್ರಮ್ಮ ಓಣಿಯವರನ್ನೆಲ್ಲ ಸೇರಿಸಿ, ಅಂಗಳ ಸಾರಿಸಿ, ರಂಗೋಲಿ ಹಾಕಿ, ಅದೇ ಹುರುಪಿನಲ್ಲಿ ಹಳ್ಳಕ್ಕೂ ಇಳಿದಳು. ನೊರೆ ಬಳಿದು ಹಾಕಿದರು, ಕೆಸರು ಎತ್ತಿದರು, ದಂಡೆಗೆಲ್ಲ ಬ್ಲೀಚಿಂಗ್ ಪುಡಿ ಎರಚಿದರು. ಹಬ್ಬದ ರಜೆಗೆ ಕಾರ್ಖಾನೆಯೂ ಬಂದ್ ಆಗಿತ್ತು.

ಸಬಾ ಬಂದು ದಂಡೆಯ ಮೇಲೆ ನಿಂತಾಗಲೇ ಶಂಕ್ರಮ್ಮನಿಗೆ ತನ್ನ ತಪ್ಪು ಹೊಳೆದದ್ದು. ಹೊಲಸು ತೋರಿಸಲು ಕರೆದು, ತಾನೇ ತೊಳೆದಿಟ್ಟಿದ್ದಳಲ್ಲ! ಜೊತೆಗೆ ಬಂದಿದ್ದ ಜಿಲ್ಲೆಯ ಅಧಿಕಾರಿ ಅಮರನಾಥನ ಮುಖ ಅರಳಿತು. ಎಲ್ಲ ಚೊಕ್ಕಟವಾಗಿಯೇ ಇದೆ, ಹಣ್ಣು ಮಾರುವವಳ ಮಾತು ಕೇಳಿ ಮೇಡಂ ಬಿಸಿಲಲ್ಲಿ ಬಂದದ್ದೇ ವ್ಯರ್ಥ ಎಂದು ನಯವಾಗಿ ಹೇಳಿದ. ಶಂಕ್ರಮ್ಮನಿಗೆ ಅಳುವೇ ಬಂತು.

ಆದರೂ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡಬೇಕಲ್ಲ ಎಂದು ಅವರನ್ನು ಅಂಗಳಕ್ಕೆ ಕರೆತಂದು ಕೂರಿಸಿದಳು. ಅತಿಥಿಗೆಂದೇ ಕಲಬುರಗಿಯಿಂದ ತರಿಸಿದ್ದ ಕ್ಯಾನಿನಿಂದ ತಂಬಿಗೆ ತುಂಬತೊಡಗಿದಳು. ಸಬಾ ಕ್ಯಾನನ್ನು ನೋಡಿದಳು, ಅಂಗಳದಾಚೆಯ ಬಾವಿಯನ್ನೂ ನೋಡಿದಳು.

"ಕಾಕಿ, ನನಗ ಬಾವಿ ನೀರೇ ಕೊಡ್ರಿ."

ಶಂಕ್ರಮ್ಮನ ಕೈ ನಿಂತುಬಿಟ್ಟಿತು. "ಬ್ಯಾಡ ಯವ್ವಾ. ನಿಮ್ಮವ್ವಗ ನಾ ಹ್ಯಾಂಗ ಮುಖ ತೋರಸ್ಲಿ?"

"ಮತ್ತ ಮೊಮ್ಮಗಳಿಗಿ ಯಾವ ನೀರು ಕೊಡ್ತೀರಿ?"

ಶಂಕ್ರಮ್ಮ ತಲೆ ತಗ್ಗಿಸಿದಳು. "ಆ ಬಾವೀದೇ."

ಸಬಾ ನೀರು ಮುಟ್ಟದೆ ಎದ್ದಳು. ಬಾವಿಯ ನೀರನ್ನು ಈಗಲೇ ಪರೀಕ್ಷೆಗೆ ತೆಗೆದುಕೊಳ್ಳಬೇಕು, ಈ ಓಣಿಗೆ ಇವತ್ತಿನಿಂದಲೇ ಟ್ಯಾಂಕರ್ ಬರಬೇಕು, ಕಾರ್ಖಾನೆಯ ಬೀಗ ತೆಗೆಸಿ, ಅವರ ಮೋರಿ ಎಲ್ಲಿಗೆ ಹೋಗುತ್ತದೆಂದು ನಾನೇ ನೋಡುತ್ತೇನೆ ಎಂದಳು. ಅಲ್ಲಿಗೆ ದಾರಿ ಸರಿಯಿಲ್ಲ ಮೇಡಂ ಎಂದು ಅಮರನಾಥ ಗೊಣಗಿದ.

ಶಂಕ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಾ ತೋರಸ್ತೀನಿ, ನಡೀರಿ," ಎಂದವಳೇ ಸರ್ಕಾರಿ ಕಾರಿನ ಮುಂದಿನ ಸೀಟಿನಲ್ಲಿ, ಅಮರನಾಥನ ಜಾಗದಲ್ಲಿ, ಹತ್ತಿ ಕೂತಳು.