ಜೇಬಿನಲ್ಲಿದ್ದ ಎಣ್ಣೆ ಶೀಶೆ

ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ಜನ ಪಾದ್ರಿಯಾದ ನನ್ನನ್ನು ನಗರಸಭೆಗೆ ಗೆಲ್ಲಿಸಿದ ಮೇಲೆ ಬಿಷಪ್ಪರು ಕರೆಸಿ, ಕುರ್ಚಿ ಬೇಕೋ ಪೂಜಾಪೀಠ ಬೇಕೋ ಎಂದು ಕೇಳಿದರು. ನಾನು ಮೊದಲೇ ಹಠಮಾರಿ. ಗಣಿ ಕಾರ್ಮಿಕರ ಲೈನುಗಳಿಗೆ ನೀರು ಬರುವ ತನಕ ಕುರ್ಚಿ ಬಿಡೆನೆಂದೆ. ಪೂಜೆ ಅರ್ಪಿಸುವುದು, ಪಾಪನಿವೇದನೆ ಕೇಳುವುದು ಎರಡೂ ಬಿಷಪ್ಪರ ಆಜ್ಞೆಯಂತೆ ಅಂದೇ ನಿಂತವು. ಒಂದೇ ಬಾಗಿಲು ತೆರೆದಿತ್ತು. ಸಾಯುತ್ತಿರುವವರು ಕೇಳಿದರೆ ತಡೆ ಬಿದ್ದ ಪಾದ್ರಿಯೂ ಪಾಪ ಮನ್ನಿಸಿ ಪವಿತ್ರ ತೈಲ ಹಚ್ಚಬಹುದು. ಇದು ನಮ್ಮ ಹಳೆಯ ನಿಯಮ. ಹಾಗಾಗಿ ತೈಲದ ಸಣ್ಣ ಶೀಶೆ ಸದಾ ನನ್ನ ಜೇಬಿನಲ್ಲಿರುತ್ತಿತ್ತು.

ಊರಿಗೆ ನಾನು ಬೇಡವಾದವನೇನಲ್ಲ. ಬೆಳಗಾದರೆ ಬಾಗಿಲಲ್ಲಿ ಜನ: ಚರಂಡಿ, ಬೀದಿದೀಪ, ರೇಷನ್ನು. ಮದುವೆಗೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ ಹಾರ ಹಾಕುತ್ತಿದ್ದರು. ಮದುಮಕ್ಕಳನ್ನು ಆಶೀರ್ವದಿಸುವ ಪಾದ್ರಿ ಬೇರೆ. ಭಾನುವಾರ ನಮ್ಮ ಚರ್ಚಿಗೇ ಹೋಗಲು ನಾಚಿಕೆಯಾಗಿ, ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಅಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ವಾಪಸ್ಸು ರೈಲು ತಡವಾದರೆ ಪ್ಲಾಟ್‌ಫಾರ್ಮಿನಲ್ಲಿ ಟೀ ಹಿಡಿದು, ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟೊಂದು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಇದ್ದಿರಲಿಲ್ಲ.

ಲೈನಿನಲ್ಲಿ ಗಣಿಧೂಳು ಕುಡಿದು ಎದೆ ಕೆಟ್ಟ ಮುದುಕನೊಬ್ಬನಿದ್ದ. ನನ್ನ ಪೂಜೆಯನ್ನು ಒಂದು ಭಾನುವಾರವೂ ತಪ್ಪಿಸಿದವನಲ್ಲ. ಒಂದು ಮಧ್ಯಾಹ್ನ ಅವನ ಹೆಂಡತಿ ಬಂದು, ಕೊನೆಗಾಲ, ನಿಮ್ಮನ್ನೇ ಕೇಳುತ್ತಿದ್ದಾರೆ ಎಂದಳು. ಖುಷಿಯಾಯಿತು ಎನ್ನುವುದು ಪಾಪ, ಆದರೂ ಆಯಿತು. ಓಡಿದೆ.

ಮಂಚದ ಪಕ್ಕ ಕೂತು ಶೀಶೆ ತೆಗೆದೆ. ಅವನು ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಉಸಿರು ಎಳೆದೆಳೆದು ಹೇಳಿದ:

"ಅದೆಲ್ಲಾ ಬೆಳಗ್ಗೇನೇ ಆಯ್ತು ಸಾಮಿ, ಚರ್ಚಿನ ಫಾದರು ಬಂದೋದ್ರು. ನಿಮ್ನ ಕರ್ಸಿದ್ದು ನಲ್ಲಿಗೆ. ಇವಳು ಕೊಡ ಒತ್ಕೊಂಡು ಆ ದಿಬ್ಬ ಅತ್ತಕ್ಕಾಗಲ್ಲ."

ಶೀಶೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, ನಲ್ಲಿ ಹಾಕಿಸುತ್ತೇನೆ ಎಂದು ಎದ್ದು ಬಂದೆ. ಸಾಯುವವನಿಗೂ ನಾನು ಬರೀ ಕೌನ್ಸಿಲರ್ರೇ ಎಂದು ದಾರಿಯುದ್ದಕ್ಕೂ ಸಿಟ್ಟು. ಅವನು ಸಂಜೆಗೆ ಹೋಗಿಬಿಟ್ಟ.

ಕೆಲವು ತಿಂಗಳಿಗೆ ನಲ್ಲಿ ಬಂತು. ಮೊದಲ ನೀರು ನನ್ನ ಕೈಯಲ್ಲೇ ಬಿಡಿಸಿದರು. ಉಳಿದ ಹೆಂಗಸರು ಕೊಡ ತುಂಬಿಕೊಂಡು ಹೋದ ಮೇಲೆ ಅವನ ಹೆಂಡತಿ ಹತ್ತಿರ ಬಂದಳು.

"ಅವತ್ತು ಯಾವ ಫಾದರೂ ಬಂದಿರ್ಲಿಲ್ಲ ಸಾಮಿ. ನಿಮ್ ಕೈಲೇ ಎಣ್ಣೆ ಅಚ್ಚಿಸ್ಕೋಬೇಕು ಅಂತ ಕರ್ಸಿದ್ದು. ಶೀಶೆ ನೋಡ್ದಾಗ ಅವ್ರಿಗೆ ಭಯ ಆಗೋಯ್ತು. ಇದು ಗೊತ್ತಾದ್ರೆ ಬಿಷಪ್ಪು ನಿಮ್ನ ಚರ್ಚಿಂದ್ಲೇ ಆಚೆ ಆಕ್ತಾರೆ ಅಂತ ಸುಳ್ಳೇಳ್ಬಿಟ್ರು. ಆಮೇಲೆ ಚರ್ಚಿನ ಫಾದರಿಗೆ ಏಳ್ಕಳ್ಸೋದ್ರೊಳಗೆ ಉಸ್ರು ನಿಂತೋಯ್ತು."

ನಿಯಮ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಎಣ್ಣೆ ಹಚ್ಚಿದ್ದರೂ ನನಗೇನೂ ಆಗುತ್ತಿರಲಿಲ್ಲ. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಅವ್ರು ಮಾಡಿದ್ದು ಸರಿ ತಾನೇ ಸಾಮಿ?" ಎಂದಳು.

"ಸರಿಯೇ ತಾಯಿ," ಎಂದೆ. "ನನ್ನನ್ನು ಉಳಿಸಿದ."

ಅವಳ ಮುಖ ಹಗುರಾಯಿತು. ಕೊಡ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು. ಅದನ್ನು ತಿರುಗಿಸಿ ನಿಲ್ಲಿಸಿ ನಾನೂ ಮನೆಗೆ ಹೊರಟೆ.