ಮಣ್ಣಿಗೆ ಒಂದು ಮಳೆಗಾಲ

೧೯೬೪ರ ಮಳೆಗಾಲದಲ್ಲಿ, ಹೊಸನಗರದ ಕಡೆ ಮುಳುಗಡೆಯವರಿಗೆಂದು ಮಾಡಿದ ಒಂದು ಬಡಾವಣೆಯಲ್ಲಿ ನಮ್ಮ ಹೊಸ ಮನೆಯ ಪಡುಗೋಡೆ ಬಿತ್ತು. ಯಾರೂ ಸಾಯಲಿಲ್ಲ. ಹಾಗಾಗಿ ಅದು ಸುದ್ದಿಯಾಗಲಿಲ್ಲ.

ಮೊನ್ನೆ ತೀರ್ಥಹಳ್ಳಿಯ ಹೊರಗೆ ನಮ್ಮ ಬಸ್ಸು ಕೆಟ್ಟು ನಿಂತಾಗ, ಜೆಸಿಬಿ ಕಡಿದ ಗುಡ್ಡದಿಂದ ಹಸಿ ಕೆಮ್ಮಣ್ಣಿನ ವಾಸನೆ ಬಂತು. ನಿಮಗೆ ಆ ವಾಸನೆ ಹಿತವಿರಬಹುದು. ನಾನು ಹಲ್ಲು ಕಚ್ಚುತ್ತೇನೆ.

ಬ್ಯಾಕೋಡು ಕಡೆಯ ನಮ್ಮ ಊರಿಗೆ ಅಣೆಕಟ್ಟಿನ ನೀರು ಏರುತ್ತಿತ್ತು. ಬದಲಿಗೆ ಸಿಕ್ಕ ಸೈಟುಗಳು ಇಳಿಜಾರು ಗುಡ್ಡದಲ್ಲಿದ್ದವು. ಮೇಲ್ಭಾಗ ಕಡಿದು, ಆ ಮಣ್ಣನ್ನು ಕೆಳಗೆ ತುಂಬಿ, ಬೇಸಿಗೆಯಲ್ಲಿ ಕಾವಲಿಯಷ್ಟು ಸಮ ಮಾಡಿದ್ದರು. ನಮ್ಮ ಪಾಲಿಗೆ ಬಂದದ್ದು ಕೆಳಸಾಲು. ತುಂಬಿದ ಮಣ್ಣಿನ ಮೇಲೆ ನಮ್ಮ ಕಡೆ ಯಾರೂ ಆ ವರ್ಷವೇ ಗೋಡೆ ಎಬ್ಬಿಸುವುದಿಲ್ಲ. ಅದು ಒಂದು ಮಳೆಗಾಲ ನೀರು ಕುಡಿದು ಕೂರಬೇಕು. ದನದ ಕೊಟ್ಟಿಗೆಗೂ ಇದೇ ಕ್ರಮ.

ಅಪ್ಪ ಓವರ್‌ಸಿಯರಿಗೆ ಹೇಳಿದ: "ಬರೋ ವರ್ಷ ಕಟ್ಕೊಳ್ತೀವಿ ಸ್ವಾಮಿ."

"ಅಲ್ಲೀವರೆಗೆ ಎಲ್ಲಿರ್ತೀರಿ, ನೀರೊಳಗಾ?"

ಅವರ ಜೊತೆಯವರೆಲ್ಲ ನಕ್ಕರು. ಅಪ್ಪನೂ ನಕ್ಕ. ಆ ನಗುವಿಗಾಗಿ ಅವನ ಮೇಲೂ ಬಹಳ ಕಾಲ ಸಿಟ್ಟಿತ್ತು ನನಗೆ.

ಆ ಬೇಸಿಗೆಯಲ್ಲೇ ಗೋಡೆ ಎಬ್ಬಿಸಿದೆವು. ಆಷಾಢದಲ್ಲಿ ನೆಲ ಜಗ್ಗಿತು. ಬಿದ್ದದ್ದು, ಹೆರಿಗೆಗೆ ಬಂದಿದ್ದ ಅಕ್ಕನಿಗಾಗಿ ಅಮ್ಮ ಸಾರಿಸಿಟ್ಟಿದ್ದ ಕೋಣೆಯ ಗೋಡೆ. ಅಕ್ಕ ಒಲೆ ಮುಂದೆ ಚಳಿ ಕಾಯಿಸುತ್ತಿದ್ದಳು, ಉಳಿದಳು.

ಅಮ್ಮ ಅವಳಿಗೆ ಕಂಬಳಿಕೊಪ್ಪೆ ಹೊದಿಸಿ, ಕೈಹಿಡಿದು, ಸೀದಾ ಓವರ್‌ಸಿಯರ್ ಆಫೀಸಿಗೆ ನಡೆದಳು. ಅದೂ ಕೆಳಸಾಲಿನಲ್ಲೇ ಇತ್ತು. ಗೋಡೆಯಲ್ಲಿ ಒಂದು ಬಿರುಕಿಲ್ಲ.

"ಇಲ್ಲಿ ಮಣ್ಣು ತುಂಬಿದ್ದು ಯಾವಾಗ?"

"ಹೋದ ವರ್ಷದ ಬೇಸಿಗೇಲಿ. ಮಳೆ ಮುಗೀಲಿ ಅಂತ ಬಿಟ್ಟು, ಆಮೇಲೆ ಕಟ್ಟಿದ್ವಿ" ಎಂದರು ಓವರ್‌ಸಿಯರ್.

"ಹಂಗಾರೆ ನಿಮ್ಗೂ ಗೊತ್ತಿತ್ತು! ನಿಮ್ಮ ಕುರ್ಚಿಗೆ ಒಂದು ಮಳೆಗಾಲ ಬಿಟ್ರಿ, ನನ್ನ ಮಗಳ ಹಾಸಿಗೆಗೆ ಬಿಡ್ಲಿಲ್ಲ. ಏಳಿ ಮೇಲೆ. ಇವಳು ಇಲ್ಲೇ ಹೆರ್ತಾಳೆ."

ಅವರು ಎದ್ದರು. ಮೇಜನ್ನು ತಾವೇ ಜಗಲಿಗೆ ಎಳೆದರು. ಬಡಾವಣೆಯ ನಕಾಶೆ ತೂಗುಹಾಕಿದ್ದ ಗೋಡೆಯ ಕೆಳಗೆ ಅಕ್ಕನ ಮಗ ಹುಟ್ಟಿದ. ಕೇರಿಯವರು ಅವನನ್ನು ಈಗಲೂ ಕರೆಯುವುದು "ಆಫೀಸು" ಎಂದೇ.

ಇಂಥ ಗುಡ್ಡ ಕಂಡರೆ ಮುಖ ತಿರುಗಿಸುತ್ತಿದ್ದ ನಾನು ಮೊನ್ನೆ ಬಸ್ಸಿಳಿದು ಹೋದೆ. ಅಲ್ಲಿದ್ದ ಮೇಸ್ತ್ರಿಗೆ ಅಮ್ಮನ ಪ್ರಶ್ನೆಯನ್ನೇ ಕೇಳಿದೆ.

"ಮಣ್ಣು ತುಂಬಿದ್ದು ಯಾವಾಗ?"

"ಹೋದ ತಿಂಗಳು ಸಾರ್. ಎಂತಕ್ಕೆ, ಸೈಟ್ ಬೇಕಿತ್ತಾ?"

ಅಲ್ಲೂ ಕೆಳಸಾಲಿನಲ್ಲಿ ಪಾಯ ತೋಡಿದ್ದಾರೆ. ನಿನ್ನೆಯಿಂದ ಮಳೆ ಹಿಡಿದಿದೆ.