ಒಂದೇ ಗಿಟಾರ್ ಸಾಕು

ನನಗೆ ಜನರ ಮುಖಕ್ಕಿಂತ ಮೊದಲು ಅವರ ಕೈ ಕಾಣುತ್ತದೆ. ಸಿಂದಗಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿ, ಅಷ್ಟೇ ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಕಾವಲು ನಿಂತು ಬಂದ ಚಟ ಇದು. ನಕಲು ಹೊಡೆಯುವವರ ಮುಖ ಜಪಕ್ಕೆ ಕೂತವರ ಹಾಗೆ ಶಾಂತವಾಗಿರುತ್ತದೆ; ಗುಟ್ಟು ಬಿಡುವುದು ಕೈ. ಈ ಚಟ ಪರೀಕ್ಷೆಯ ಕೋಣೆಯಲ್ಲೇ ಉಳಿದಿದ್ದರೆ ಒಳ್ಳೆಯದಿತ್ತು. ಅದು ನನ್ನ ಜೊತೆ ಸಂತೆಗೆ ಹೋಯಿತು, ಬಸ್ಸು ಹತ್ತಿತು, ಮನೆಗೂ ಬಂತು. "ನಿಮಗ ನೆಳ್ಳು ಹಿಂದ ಬಂದ್ರೂ ಯಾಕ ಬಂತು ಅನಸ್ತದ" ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆಕೆ ಯಾಕೆ ಹಾಗೆ ಹೇಳುತ್ತಾಳೋ ಎಂದು ನಾನು ಯೋಚಿಸುತ್ತೇನೆ.

ನಮ್ಮದು ಆರು ಜನರ ಆರ್ಕೆಸ್ಟ್ರಾ. ಮದುವೆ, ಗಣಪತಿ, ಶಾಲೆ-ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗ್, ಎಲ್ಲಿ ಕರೆದರೂ ಹೋಗುತ್ತೇವೆ. ಮೇಳದ ಯಜಮಾನ ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ. ಎಲ್ಲರೂ ಆತನನ್ನು ಸಾವ್ಕಾರ್ರು ಅನ್ನುತ್ತೇವೆ. ಕೀಬೋರ್ಡ್ ಬಾರಿಸುವುದು ಆತನೇ. ಭಾನುವಾರಗಳಂದು ಆತನ ಗೋದಾಮಿನಲ್ಲಿ, ನಿಂಬೆಹಣ್ಣಿನ ಚೀಲಗಳ ನಡುವೆ ನಮ್ಮ ತಾಲೀಮು. ಹಾಡುವವರು ಇಬ್ಬರು, ತಾಳಕ್ಕೆ ಇಬ್ಬರು, ಗಿಟಾರಿಗೆ ನಾನೊಬ್ಬ. ಹನ್ನೊಂದು ವರ್ಷ ನಾನೊಬ್ಬನೇ. ಹಾಡಿನ ಹಿಂದೆ ಸ್ವರಗಳ ಜೋಡಣೆ ಹಿಡಿದು ನಡೆಸುವುದೂ ನಾನೇ, ನಡುವೆ ಹಾಡು ನಿಂತಾಗ ಒಂಟಿ ತಂತಿಯ ಮೇಲೆ ರಾಗ ಎತ್ತುವುದೂ ನಾನೇ. ಒಂದನ್ನು ಹಿಡಿದರೆ ಇನ್ನೊಂದು ಬಿಡಬೇಕು. ರಾಗ ಶುರುವಾದ ಕೂಡಲೇ ಹಾಡಿನ ಕೆಳಗಿನ ನೆಲ ಖಾಲಿಯಾಗುತ್ತದೆ. ಅದನ್ನು ಕೇಳುವವರು ಗಮನಿಸಲಿಕ್ಕಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಗೊತ್ತಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ನನ್ನ ಹಳೆಯ ಗಿಟಾರಿನ ಕುತ್ತಿಗೆ ಬಾಗಿತು. ತಗಡಿನ ಮಾಳಿಗೆಯ ಕೆಳಗೆ ಇಟ್ಟದ್ದು ನನ್ನದೇ ತಪ್ಪು. ತಂತಿಗಳು ಎಷ್ಟು ಮೇಲೆದ್ದವೆಂದರೆ ಒತ್ತಿ ಒತ್ತಿ ಬೆರಳು ಮರಗಟ್ಟುತ್ತಿತ್ತು. ದೇವಣಗಾಂವದ ಒಂದು ಮದುವೆಯಲ್ಲಿ, ಸರಿಯಾಗಿ ನನ್ನ ರಾಗದ ಹೊತ್ತಿಗೆ ಶ್ರುತಿ ಜಾರಿತು. ನಾನು ತಂತಿಯಿಂದ ಕೈ ಎತ್ತಿಬಿಟ್ಟೆ. ಅರೆಕ್ಷಣವೂ ಆಗಲಿಲ್ಲ, ಸಾವ್ಕಾರ ಕೀಬೋರ್ಡಿನಲ್ಲಿ ಗುಂಡಿ ಒತ್ತಿ, ಗಿಟಾರಿನ ದನಿಯಲ್ಲೇ ಆ ರಾಗವನ್ನು ಬಾರಿಸಿ ಮುಗಿಸಿದ. ಜನ ಚಪ್ಪಾಳೆ ಹೊಡೆದರು. ಮದುಮಗನ ಕಾಕಾ ವೇದಿಕೆಗೆ ಬಂದು ನನ್ನ ಕೈ ಕುಲುಕಿ, "ಗಿಟಾರ್ ಭಾರಿ ಆತ್ರಿ ಮಾಸ್ತರ" ಅಂದ.

ಅವತ್ತಿನಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಒಂದು ಗುಂಡಿಯಲ್ಲಿ ಮುಗಿಯುವ ಕೆಲಸಕ್ಕೆ ಒಬ್ಬ ಮನುಷ್ಯನನ್ನು ಸಿಂದಗಿಯಿಂದ ಯಾಕೆ ಕರೆಸಬೇಕು? ಸಾವ್ಕಾರ ನಕ್ಕರೆ ಯಾಕೆ ನಕ್ಕ ಎಂದು ನೋಡುತ್ತಿದ್ದೆ. ನಗದಿದ್ದರೆ ಇನ್ನೂ ಹೆಚ್ಚು ನೋಡುತ್ತಿದ್ದೆ. ಬಸವನ ಬಾಗೇವಾಡಿಯ ಕಾಲೇಜೊಂದರ ಗ್ಯಾದರಿಂಗಿಗೆ ಕರೆ ಬಂದಾಗ ಆತನೇ ಮಾತು ತೆಗೆದ.

"ಸರ, ಬಾಗೇವಾಡಿ ಕಾರ್ಯಕ್ರಮದೊಳಗ ಹೊಸಾ ಗಿಟಾರ್ ಬೇಕ ಬೇಕ್ರಿ. ಮುದ್ದೇಬಿಹಾಳದಾಗ ನಮಗ ಗೊತ್ತಿದ್ದವರ ಮನ್ಯಾಗ ಒಂದು ಚಲೋ ಗಿಟಾರ್ ಐತಿ. ಮಾರೂ ವಿಚಾರದಾಗ ಅದಾರ. ನೀವ ಹೋಗಿ ನೋಡ್ಕೊಂಡು ಬರ್ರಿ. ಅವಸರ ಮಾಡಬ್ಯಾಡ್ರಿ, ಕುಂತು ಮಾತಾಡಿ ಬರ್ರಿ."

ಒಂದು ಗಿಟಾರ್ ನೋಡಲಿಕ್ಕೆ ಕುಂತು ಮಾತಾಡುವುದು ಏನಿರುತ್ತದೆ? ತನ್ನ ಗುರುತಿನವರ ಮನೆಯಾದರೆ ತಾನೇ ಯಾಕೆ ಬರುವುದಿಲ್ಲ? ಕೇಳಿದೆ. "ನನಗ ಗಿಟಾರಿಂದು ಏನ್ ತಿಳೀತದ್ರಿ" ಎಂದು ನಿಂಬೆಹಣ್ಣು ಆರಿಸುತ್ತ ಕೂತ. ಅಲ್ಲಿಗೆ ನನಗೆ ಖಾತ್ರಿಯಾಯಿತು. ಕೆಟ್ಟ ಗಿಟಾರೊಂದನ್ನು ನನ್ನ ಕೊರಳಿಗೆ ಕಟ್ಟಿ, ಬಾಗೇವಾಡಿಯ ಜನರ ಮುಂದೆ ನಾನು ಕೆಡುವಂತೆ ಮಾಡಿ, ಮರ್ಯಾದೆಯಿಂದ ಕಳಿಸಿಬಿಡುವ ಹುನ್ನಾರ ಇದು.

ಆದರೂ ಹೋದೆ. ಸಿಂದಗಿಯಿಂದ ತಾಳಿಕೋಟೆಗೆ ಒಂದು ಬಸ್ಸು, ಅಲ್ಲಿಂದ ಮುದ್ದೇಬಿಹಾಳಕ್ಕೆ ಇನ್ನೊಂದು. ಚೀಲದಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಸ್ಪೀಕರ್, ಜೇಬಿನಲ್ಲಿ ನಾನು ಬರೆದ ಪಟ್ಟಿ. ಒಬ್ಬನೇ ಗಿಟಾರಿಸ್ಟ್ ಆದವನಿಗೆ ಒಂದೇ ದನಿಯ ಗಿಟಾರ್ ಸಾಲುವುದಿಲ್ಲ. ಹಾಡಿನ ಹಿಂದೆ ಇರುವಾಗ ತಿಳಿಯಾಗಿ ಕೇಳಬೇಕು, ರಾಗ ಎತ್ತಿದಾಗ ದಪ್ಪಗೆ ಮುಂದೆ ಬರಬೇಕು. ಜನರೇಟರಿನ ಕರೆಂಟಿಗೆ ಗುಂಯ್‌ಗುಡಬಾರದು. ನಮ್ಮ ಬಿಸಿಲಿಗೆ ಶ್ರುತಿ ಬಿಡಬಾರದು. ಇಷ್ಟೆಲ್ಲ ಒಂದೇ ಗಿಟಾರಿನಲ್ಲಿ ಇದ್ದರೆ ಅದನ್ನು ಯಾರೂ ಮಾರುವುದಿಲ್ಲ ಅನ್ನುವುದು ಪಟ್ಟಿಯ ಕೊನೆಗೆ ನಾನೇ ಬರೆದುಕೊಂಡ ಮಾತು.

ಮನೆಯ ಯಜಮಾನರು ನಿವೃತ್ತ ಬ್ಯಾಂಕ್ ಅಧಿಕಾರಿ, ಹಣೆಯಲ್ಲಿ ಅಕ್ಷತೆ. ಕುರ್ಚಿ ಹಾಕಿ ಕೂರಿಸಿ ಒಳಗೆ ಹೋದರು. ಒಳಗೆ ಗಂಡ ಹೆಂಡತಿ ಮರಾಠಿಯಲ್ಲಿ ಮೆಲ್ಲಗೆ ಮಾತಾಡುವುದು ಕೇಳಿಸಿತು. ನನ್ನೆದುರು ಕನ್ನಡ, ಒಳಗೆ ಹೋದ ಕೂಡಲೇ ಮರಾಠಿ! ನಾನು ಕುರ್ಚಿಯನ್ನು ಒಂದು ಗೇಣು ಬಾಗಿಲ ಕಡೆ ಎಳೆದು ಕಿವಿಗೊಟ್ಟೆ. ನನಗೆ ಅಲ್ಪಸ್ವಲ್ಪ ಮರಾಠಿ ಬರುತ್ತದೆ. ಚಹಾಕ್ಕೆ ಸಕ್ಕರೆ ಕಡಿಮೆ ಹಾಕು, ಬಂದವರಿಗೆ ವಯಸ್ಸಾಗಿದೆ ಎಂದು ಅವರು ಹೇಳುತ್ತಿದ್ದರು. ನನಗೆ ನಲವತ್ತಾರು.

ಗಿಟಾರ್ ತಂದವಳು ಅವರ ಮಗಳು. ಮೂವತ್ತರ ಆಸುಪಾಸು. ಪುಣೆಯಲ್ಲಿ ಓದಿ ಬಂದು ಈಗ ಇಲ್ಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಗಿಟಾರ್ ಅವಳದೇ. ನಾನು ಅದನ್ನು ಎತ್ತಿ, ಬಡಗಿ ತೊಲೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಕುತ್ತಿಗೆಯುದ್ದಕ್ಕೂ ನೋಡಿದೆ. ನೆಟ್ಟಗಿತ್ತು. ಬೆನ್ನು ಬಡಿದೆ, ತಂತಿ ಬಿಗಿಯುವ ಕಿವಿಗಳನ್ನು ತಿರುವಿದೆ. ಕೊನೆಗೆ ಒಂದು ಸ್ಕ್ರೂ ಸಿಕ್ಕಿತು, ಅದರ ತಲೆಯ ಮೇಲೆ ಗೀರು. ಯಾರೋ ಬಿಚ್ಚಿದ್ದಾರೆ. ಕಳ್ಳ ಸಿಕ್ಕ ಸಂತೋಷದಲ್ಲಿ ಕೇಳಿದೆ, "ಇದನ್ನ ಬಿಚ್ಚಿದವರು ಯಾರು?"

"ನಾನ ಬಿಚ್ಚೇನ್ರಿ ಸರ. ಒಳಗ ಕರೆಂಟಿಂದು ಗುಂಯ್ ಅಂತ ಸಪ್ಪಳ ಬರ್ತಿತ್ತು. ತಾಮ್ರದ ಹಾಳಿ ಅಂಟಿಸೇನಿ. ಈಗ ಬರೂದಿಲ್ಲ. ನೋಡ್ತೀರೇನ್ರಿ?"

ಸ್ಪೀಕರಿಗೆ ಜೋಡಿಸಿದಳು. ಸಪ್ಪಳವೇ ಇಲ್ಲ. ಬಾರಿಸಿ ತೋರಿಸು ಎಂದು ನಾನೇ ಹೇಳಿದೆ, ಕುತ್ತಿಗೆಯ ಮೇಲಿನ ಯಾವುದಾದರೂ ಒಂದು ಸ್ವರದ ಜಾಗದಲ್ಲಿ ತಂತಿ ಕಿರುಗುಟ್ಟೀತು ಎಂಬ ಆಸೆಯಿಂದ.

ಅವಳು ಬಾರಿಸಿದಳು. ನಾನು ಕೈ ನೋಡುತ್ತ ಕೂತೆ. ಹೆಬ್ಬೆರಳು ಕೆಳಗಿನ ಸ್ವರಗಳನ್ನು ನಡೆಸುತ್ತಿತ್ತು, ಉಳಿದ ಬೆರಳುಗಳು ಮೇಲೆ ರಾಗ ಹಾಡುತ್ತಿದ್ದವು. ಎರಡೂ ಒಟ್ಟಿಗೆ. ನಾನು ಹನ್ನೊಂದು ವರ್ಷ ಸರದಿಯ ಮೇಲೆ ಮಾಡಿದ್ದನ್ನು ಈಕೆ ಒಂದೇ ಉಸಿರಿನಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ಮಾಡುತ್ತಿದ್ದಳು. ನೆಲ ಎಲ್ಲಿಯೂ ಖಾಲಿಯಾಗಲಿಲ್ಲ. ಅಷ್ಟು ಒಳ್ಳೆಯ ಗಿಟಾರಿನ ದನಿಯನ್ನು ನಾನು ಹತ್ತಿರದಿಂದ ಕೇಳಿರಲಿಲ್ಲ. ಅದನ್ನು ಕೇಳಿ ನನಗೆ ಆದದ್ದು ಹೊಟ್ಟೆಯುರಿ. ಸುಳ್ಳು ಯಾಕೆ ಹೇಳಲಿ. ಮತ್ತೆ ಸಾವ್ಕಾರನ ಮಾತು ನೆನಪಾಯಿತು. ಕುಂತು ಮಾತಾಡಿ ಬರ್ರಿ. ಓಹೋ, ಇದೋ ಸಂಗತಿ. ನನ್ನ ಜಾಗಕ್ಕೆ ಬರುವವಳನ್ನು ನನ್ನಿಂದಲೇ ನೋಡಿಸುತ್ತಿದ್ದಾನೆ.

"ಇಷ್ಟು ಚಲೋ ಬಾರಸ್ತೀರಿ, ಯಾಕ ಮಾರ್ತೀರಿ?" ಎಂದೆ.

"ಒಬ್ಬಾಕಿನ ಎಷ್ಟಂತ ಬಾರಿಸ್ಲಿ ಹೇಳ್ರಿ. ಪುಣೆದಾಗ ಜೋಡಿ ಬಾರಿಸೋರು ಇದ್ರು. ಇಲ್ಲೆ ಗ್ವಾಡಿ ಮುಂದ ಕುಂತು ಬಾರಿಸೂದಾಗೇತಿ. ಕೇಳಿ ಕೇಳಿ ನನಗ ಬ್ಯಾಸರ ಬಂತು."

ಅಷ್ಟರಲ್ಲಿ ತಾಯಿ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಕುಂಕುಮ, ಒಂದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಮಡಿಚಿದ ಖಣದ ಬಟ್ಟೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಉಡಿ ತುಂಬಿ ಕಳಿಸುತ್ತಾರಲ್ಲ, ಆ ಮನೆಯಲ್ಲಿ ಮನೆ ಬಿಟ್ಟು ಹೋಗುವ ಆಕಳಿಗೂ ಹಾಗೆಯೇ ಮಾಡುವ ಪದ್ಧತಿಯಂತೆ. "ಮನ್ಯಾಗ ಹಾಡಿದ್ದು ಐತ್ರಿ, ಹಂಗ ಬರೇ ಕೈಲೆ ಹ್ಯಾಂಗ ಕಳಿಸೂದು" ಎಂದರು ತಾಯಿ. ನಾನು ಗಿಟಾರನ್ನು ಅಷ್ಟು ಹೊತ್ತು ನೋಡಿದ್ದು ಕಂಡು ವ್ಯವಹಾರ ಮುಗಿಯಿತೆಂದು ತಿಳಿದಿದ್ದರು.

ಮಗಳು ಗಿಟಾರನ್ನು ತೊಡೆಯ ಮೇಲೆಯೇ ಹಿಡಿದು, "ಆಯಿ, ಥಾಂಬ ಜರಾ" ಎಂದು ತಾಯಿಯನ್ನು ತಡೆದಳು. ತಾಯಿ ತಟ್ಟೆ ಹಿಡಿದು ನಿಂತರು.

"ಸರ, ಒಂದ್ ಮಾತು ಕೇಳ್ತೇನಿ. ನಮ್ಮಲ್ಲೆ ಕುಂಕುಮ ಹಚ್ಚಿ ಕೊಟ್ಟ ಮ್ಯಾಲೆ ತಿರುಗಿ ತಗೊಳ್ಳೂದಿಲ್ರಿ. ಅದಕ್ಕ ಮೊದಲ ಕೇಳ್ತೇನಿ. ನಿಮ್ಮ ಆರ್ಕೆಸ್ಟ್ರಾದಾಗ ಇನ್ನೊಂದು ಗಿಟಾರಿಗೆ ಜಾಗಾ ಐತೇನ್ರಿ? ಇದ್ರ ನಾ ಇದನ್ನ ಮಾರೂದಿಲ್ಲ. ರವಿವಾರ ನಾನ ಬರ್ತೇನಿ. ಹಿಂದ ಕುಂತು ಬಾರಿಸಾಕೂ ತಯಾರದೇನಿ."

ಸಾವ್ಕಾರರನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಫೋನ್ ಜೇಬಿನಲ್ಲೇ ಇತ್ತು.

"ಇಲ್ರಿ. ನಮ್ಮಂಥಾ ಸಣ್ಣ ಆರ್ಕೆಸ್ಟ್ರಾಕ್ಕ ಒಂದ ಗಿಟಾರ್ ಸಾಕು" ಎಂದೆ.

ಅವಳು "ಆತ್ರಿ" ಎಂದು ಗಿಟಾರನ್ನು ನನ್ನ ಕೈಗೆ ಕೊಟ್ಟಳು. ನಾನು ತಂದೆಯ ಕೈಗೆ ಹಣ ಎಣಿಸಿ ಕೊಟ್ಟೆ. ತಾಯಿ ಕುತ್ತಿಗೆಯೂ ಮೈಯೂ ಕೂಡುವ ಕಡೆ ಕುಂಕುಮ ಹಚ್ಚಿ, ಅಕ್ಕಿ ಕೊಬ್ಬರಿಯನ್ನು ಖಣದಲ್ಲಿ ಕಟ್ಟಿ ಗಿಟಾರಿನ ಚೀಲದೊಳಗೆ ಇಟ್ಟರು. ತಂದೆ ಬಸ್‌ಸ್ಟ್ಯಾಂಡಿನ ತನಕ ಬಂದು, ಕಿಟಕಿಯ ಪಕ್ಕದ ಸೀಟು ಹಿಡಿದು ಕೊಟ್ಟರು. ನನಗೆ ವಯಸ್ಸಾಗಿದೆಯಲ್ಲ.

ಬಸ್ಸು ಊರು ದಾಟಿದ ಕೂಡಲೇ ನಾನು ಚೀಲದ ಜಿಪ್ ಎಳೆದೆ. ಸರಿಯಾಗಿ ಆ ಜೋಡಣೆಯ ಜಾಗದಲ್ಲೇ ಯಾಕೆ ಕುಂಕುಮ ಹಚ್ಚಿದರು? ಬಿರುಕು ಬಿಡುವುದೇ ಅಲ್ಲಿ. ಕರವಸ್ತ್ರಕ್ಕೆ ನೀರು ಹಾಕಿ, ತಾಳಿಕೋಟೆ ಬರುವ ತನಕ ತಿಕ್ಕಿ ತಿಕ್ಕಿ ಒರೆಸಿ, ಉಗುರಿನಿಂದ ಕೆರೆದು ನೋಡಿದೆ. ಪಕ್ಕದಲ್ಲಿ ಕೂತ ಅಜ್ಜಿ ನನ್ನನ್ನು ಹೇಗೆ ನೋಡಿದಳೆಂದರೆ ನಾನು ಮುಖ ಆಚೆ ತಿರುಗಿಸಿದೆ. ಬಿರುಕು ಇರಲಿಲ್ಲ. ನನ್ನ ಪಟ್ಟಿಯಲ್ಲಿದ್ದ ಎಲ್ಲವೂ ಆ ಗಿಟಾರಿನಲ್ಲಿತ್ತು.

ಭಾನುವಾರ ಇಂಡಿಗೆ ಹೋದೆ. ಗೋದಾಮಿನಲ್ಲಿ ಸಾವ್ಕಾರ ನೆಲದ ಮೇಲೆ ಕೂತು ವೈರು ಎಳೆಯುತ್ತಿದ್ದ. ನನ್ನ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿತ್ತು. ಎರಡೂ ಕುರ್ಚಿಗಳ ಮುಂದೆ ಒಂದೊಂದು ಗಿಟಾರ್ ವೈರು. ಆತ ನನ್ನ ಚೀಲ ನೋಡಿದ, ಆಮೇಲೆ ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದ.

"ಗಿಟಾರ್ ಅಷ್ಟ ತಂದ್ರೇನ್ರಿ ಸರ? ಆ ಮೇಡಂ ಎಲ್ರಿ?"

ನಾನು ಚೀಲ ಕೆಳಗಿಟ್ಟೆ. ಆತನೇ ಮುಂದುವರಿದ. "ನೀವು ಎಷ್ಟ್ ವರ್ಷಂತ ಇಬ್ಬರ ಕೆಲಸಾ ಒಬ್ಬರ ಮಾಡ್ತೀರಿ? ಜೋಡಿ ಒಬ್ಬರು ಇದ್ರ ನೀವು ಬಿಡುಬೀಸಾಗಿ ಬಾರಸ್ತೀರಿ ಅಂತ ನನ್ನ ವಿಚಾರ. ಮೊದಲ ಹೇಳಿದ್ರ ಏನರೆ ತಿಳ್ಕೊಂಡು ನೀವು ಹೋಗತಿದ್ದಿಲ್ಲ. ಅವರ ಬಾರಿಸೂ ಕೈ ನೋಡಿದ್ರ ನೀವ ಕರ್ಕೊಂಡು ಬರ್ತೀರಿ ಅನ್ಕೊಂಡಿದ್ದೆ."

ಆಗಲಾದರೂ ಹೇಳಬಹುದಿತ್ತು. ಒಂದು ಫೋನು, ಒಂದು ಕ್ಷಮೆ. ಬಾಗೇವಾಡಿಗೆ ಇನ್ನೂ ಎರಡು ವಾರವಿತ್ತು. ಗಿಟಾರ್ ತಿರುಗಿ ಕೊಡಲು ಬರದಿದ್ದರೇನು, ಅವಳಿಗೆ ಬೇರೆಯದನ್ನು ಹುಡುಕಬಹುದಿತ್ತು. ದೇವಣಗಾಂವದ ಮದುವೆಯಿಂದ ಆತನ ಕಣ್ಣು, ನಗು, ಮಾತು ಎಲ್ಲವನ್ನೂ ತಪಾಸಣೆ ಮಾಡಿದ ನಾನು ತಲೆ ತಗ್ಗಿಸಿ ಚೀಲ ಬಿಚ್ಚುತ್ತ ಹೇಳಿದೆ, "ಅವರು ಬಾರಿಸೂದು ಬಿಟ್ಟಾರಂತ್ರಿ."

"ಹೌದೇನ್ರಿ?" ಎಂದ ಸಾವ್ಕಾರ. ಒಂದು ವೈರನ್ನು ಕಿತ್ತು ಮೊಣಕೈಗೆ ಸುತ್ತಿ ಇಟ್ಟುಬಿಟ್ಟ. ನಾನು ಹೇಳಿದ್ದನ್ನು ಆತ ಹಾಗೇ ನಂಬಿದ.

ಬಾಗೇವಾಡಿಯಲ್ಲಿ ಕಾರ್ಯಕ್ರಮ ಚೆನ್ನಾಗಿ ಆಯಿತು. ಗಿಟಾರ್ ಎಲ್ಲಿಯೂ ಗುಂಯ್‌ಗುಡಲಿಲ್ಲ, ಶ್ರುತಿ ಬಿಡಲಿಲ್ಲ. ನಾನು ರಾಗ ಎತ್ತಿದಾಗ ಹಿಂದಿನ ಸ್ವರಗಳು ನಿಂತವು. ಆ ಖಾಲಿಯಲ್ಲಿ ಅವಳ ಹೆಬ್ಬೆರಳು ಏನು ಬಾರಿಸುತ್ತಿತ್ತು ಎಂಬುದು ನನಗೆ ಸ್ವರಸ್ವರವಾಗಿ ಗೊತ್ತಿತ್ತು. ಇಷ್ಟು ನಾಚಿಕೆಯಿಂದ ನಾನು ಎಂದೂ ಬಾರಿಸಿರಲಿಲ್ಲ. ಆ ಮನೆಯ ನಂಬರು ನನ್ನ ಮೊಬೈಲಿನಲ್ಲಿದೆ, ಎರಡು ಸಲ ಹೊರತೆಗೆದು ನೋಡಿದ್ದೇನೆ. ಇನ್ನೂ ಫೋನ್ ಮಾಡಿಲ್ಲ. ನಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನು ಇವತ್ತಿಗೂ ನಾನೊಬ್ಬನೇ.